ಬಿಎಸ್ಸಿ ಫಿಸಿಕ್ಸಿಗೂ ಉಂಟು ವಿದ್ಯಾರ್ಥಿವೇತನ

ಪಿಯುಸಿ ವಿಜ್ಞಾನದಲ್ಲಿ ಒಳ್ಳೆಯ ಅಂಕ ತೆಗೆಯುವ ಮಕ್ಕಳು ಪಂಜದ ಸುತ್ತಮುತ್ತ ಪ್ರತಿವರ್ಷ ಇದ್ದೇ ಇರುತ್ತಾರೆ. ಫಲಿತಾಂಶ ಬಂದ ಮರುದಿನದಿಂದ ಅವರ ಮನೆಯ ಮಾತೆಲ್ಲ ನೀಟ್, ಸಿಇಟಿ, ನರ್ಸಿಂಗ್ ಸುತ್ತಲೇ. ಆ ನಡುವೆ ಯಾರಾದರೂ ‘ನಾನು ಫಿಸಿಕ್ಸ್ ತೆಗೆದುಕೊಂಡು ಬಿಎಸ್ಸಿಗೆ ಹೋಗುತ್ತೇನೆ’ ಎಂದರೆ ಜಗಲಿಯಲ್ಲಿ ಕೂತ ಮಾವನೋ ಚಿಕ್ಕಪ್ಪನೋ ಕೇಳುವುದು ಒಂದೇ: ‘ಅದು ಕಲ್ತು ಮತ್ತೆ ಎಂತ ಮಾಡುದು?’ ಇನ್ನೊಂದು ಪ್ರಶ್ನೆ ಬಾಯಿಗೆ ಬರುವುದಿಲ್ಲ, ಹೊಟ್ಟೆಯೊಳಗೇ ಉಳಿಯುತ್ತದೆ: ಎಂಎಸ್ಸಿಯವರೆಗೆ ಐದು ವರ್ಷ ಓದಿಸುವ ಖರ್ಚು ಎಲ್ಲಿಂದ? ಈ ಲೇಖನ ಇರುವುದು ಆ ಎರಡನೆಯ ಪ್ರಶ್ನೆಗಾಗಿ. ಅದಕ್ಕೆ ಉತ್ತರ ಸಿಕ್ಕಿದರೆ ಮೊದಲನೆಯದಕ್ಕೂ ಅರ್ಧ ಉತ್ತರ ಸಿಕ್ಕಿದ ಹಾಗೆ.

ಮುಖ್ಯವಾದುದನ್ನು ಮೊದಲೇ ಹೇಳಿಬಿಡುತ್ತೇನೆ. ಭೌತಶಾಸ್ತ್ರ, ಖಗೋಳವಿಜ್ಞಾನ ಓದುವ ಪದವಿ ವಿದ್ಯಾರ್ಥಿಗೆ ಸಿಗುವ ನೆರವು ಎರಡು ಬಗೆಯದು. ಒಂದು, ಕಾಲೇಜು ಬಿಡದಂತೆ ಉಳಿಸಿಕೊಳ್ಳುವ ಹಣ. ಶುಲ್ಕ, ಹಾಸ್ಟೆಲ್, ಬಸ್ಸು, ಪುಸ್ತಕಕ್ಕೆ ಆಗುವಂಥದ್ದು. ಇನ್ನೊಂದು, ರಜೆಯಲ್ಲಿ ಒಂದೆರಡು ತಿಂಗಳು ದೊಡ್ಡ ಸಂಶೋಧನಾ ಸಂಸ್ಥೆಯೊಂದರಲ್ಲಿ ಕೂತು, ಅವರೇ ಕೊಡುವ ಹಣದಲ್ಲಿ ಕೆಲಸ ಕಲಿಯುವ ಅವಕಾಶ. ಮೊದಲನೆಯದರ ಬಗ್ಗೆ ನಮ್ಮ ಕಡೆ ಅಷ್ಟಿಷ್ಟು ತಿಳಿವಳಿಕೆ ಇದೆ. ಎರಡನೆಯದರ ಸುದ್ದಿ ಹಳ್ಳಿಯ ಕಾಲೇಜುಗಳಿಗೆ ಸರಿಯಾಗಿ ತಲುಪಿಯೇ ಇಲ್ಲ. ನನ್ನನ್ನು ಕೇಳಿದರೆ ಹೆಚ್ಚು ಬೆಲೆಯದು ಎರಡನೆಯದೇ. ಆದರೂ ಮೊದಲು ಮನೆ ನಡೆಯಬೇಕಲ್ಲ, ಅಲ್ಲಿಂದಲೇ ಶುರು ಮಾಡೋಣ.

ವರ್ಷಕ್ಕೆ 80 ಸಾವಿರ

ಮೂಲವಿಜ್ಞಾನ ಓದುವವರಿಗೆಂದೇ ಇರುವ ದೊಡ್ಡ ವಿದ್ಯಾರ್ಥಿವೇತನ ಇನ್‌ಸ್ಪೈರ್. ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ 2008ರಲ್ಲಿ ಆರಂಭಿಸಿದ ಈ ಯೋಜನೆಯಲ್ಲಿ ಪದವಿ ವಿದ್ಯಾರ್ಥಿಗಳ ಭಾಗಕ್ಕೆ ‘ಶೀ’ ಎಂದು ಹೆಸರು. ಹೆಸರು ಕೇಳಿ ಹುಡುಗಿಯರಿಗೆ ಮಾತ್ರ ಎಂದುಕೊಂಡವರಿದ್ದಾರೆ. ಹಾಗಲ್ಲ, ಎಲ್ಲರಿಗೂ ಇದೆ. ವರ್ಷಕ್ಕೆ 80,000 ರೂಪಾಯಿ. ಇದರಲ್ಲಿ 60,000 ವಿದ್ಯಾರ್ಥಿಯ ಕೈಗೆ, ಅಂದರೆ ತಿಂಗಳಿಗೆ 5,000ದ ಲೆಕ್ಕ. ಉಳಿದ 20,000 ಬೇಸಗೆಯಲ್ಲಿ ಒಬ್ಬ ಮಾರ್ಗದರ್ಶಕರ ಕೈಕೆಳಗೆ ಮಾಡುವ ಕಿರುಸಂಶೋಧನೆಗೆ. ಬಿಎಸ್ಸಿಯಿಂದ ಎಂಎಸ್ಸಿಯವರೆಗೆ ಗರಿಷ್ಠ ಐದು ವರ್ಷ ಇದು ಮುಂದುವರಿಯುತ್ತದೆ. ದೇಶಕ್ಕೆಲ್ಲ ಸೇರಿ ವರ್ಷಕ್ಕೆ 12,000 ಮಂದಿಗೆ ಎಂಬುದು ಯೋಜನೆಯ ಗುರಿ.

ಯಾರಿಗೆ? ಹನ್ನೆರಡನೆಯ ತರಗತಿಯಲ್ಲಿ ತಮ್ಮ ಬೋರ್ಡಿನ ಮೊದಲ ಶೇಕಡ 1ರೊಳಗೆ ಬಂದು, ಮೂಲವಿಜ್ಞಾನದ ಪದವಿಗೆ ಸೇರಿದವರಿಗೆ. ಜೆಇಇ ಅಡ್ವಾನ್ಸ್ಡ್ ಅಥವಾ ನೀಟ್‌ನಲ್ಲಿ ಮೊದಲ 10,000ದೊಳಗಿನ ರ್‍ಯಾಂಕ್ ಪಡೆದೂ ವಿಜ್ಞಾನ ಪದವಿಗೆ ಬಂದವರಿಗೂ ಉಂಟು. ಶೇಕಡ 1 ಎಂದ ಕೂಡಲೇ ‘ಅದೆಲ್ಲ ನಮಗೆ ಸಿಕ್ಕುದಲ್ಲ’ ಎಂದು ಕೈಬಿಡುವವರೇ ಹೆಚ್ಚು. ಸ್ವಲ್ಪ ಲೆಕ್ಕ ಹಾಕಿ ನೋಡಿ. ರಾಜ್ಯದಲ್ಲಿ ದ್ವಿತೀಯ ಪಿಯುಸಿ ಬರೆಯುವವರು ಸುಮಾರು ಆರೇಳು ಲಕ್ಷ. ಅದರ ನೂರರಲ್ಲೊಂದು ಭಾಗವೆಂದರೆ ಆರೇಳು ಸಾವಿರ ಮಂದಿ. ಅವರಲ್ಲಿ ಬಹುಪಾಲು ವೈದ್ಯಕೀಯಕ್ಕೋ ಎಂಜಿನಿಯರಿಂಗಿಗೋ ಹೋಗುವವರು, ಅವರಿಗೆ ಇದು ಬೇಡ. ಹಾಗಾಗಿ ಅಷ್ಟು ಅಂಕ ತೆಗೆದು ನಿಜಕ್ಕೂ ಬಿಎಸ್ಸಿಗೆ ಬಂದವರಿಗೆ ಪೈಪೋಟಿ ಅಂದುಕೊಂಡಷ್ಟು ಇಲ್ಲ. ಅಂಕದ ಗಡಿ ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ. ನಿಮ್ಮ ಅಂಕ ಶೇಕಡ 95ರ ಆಸುಪಾಸಿನಲ್ಲಿದ್ದರೆ ಆ ವರ್ಷದ ಗಡಿ ಎಷ್ಟೆಂದು ನೋಡದೆ ಬಿಡಬೇಡಿ.

ಎಡವುವುದು ಎರಡು ಕಡೆ. ಒಂದು, ಅರ್ಜಿ ಹಾಕಬೇಕಾದ್ದು ಪದವಿಯ ಮೊದಲ ವರ್ಷದಲ್ಲೇ. ಎರಡನೆಯ ವರ್ಷಕ್ಕೆ ಬಂದ ಮೇಲೆ ಯಾರೋ ಸೀನಿಯರ್ ಹೇಳಿ ಗೊತ್ತಾದರೆ ಬಾಗಿಲು ಮುಚ್ಚಿರುತ್ತದೆ. ಇನ್ನೊಂದು, ವಿಷಯ. ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಖಗೋಳವಿಜ್ಞಾನ, ಖಭೌತವಿಜ್ಞಾನ, ಎಲೆಕ್ಟ್ರಾನಿಕ್ಸ್, ಭೂವಿಜ್ಞಾನ ಮೊದಲಾದವು ಪಟ್ಟಿಯಲ್ಲಿವೆ. ಎಂಜಿನಿಯರಿಂಗ್ ಇಲ್ಲ. ನಮ್ಮ ಕಡೆಯ ಕಾಲೇಜುಗಳಲ್ಲಿ ಭೌತಶಾಸ್ತ್ರದ ಜತೆ ಕಂಪ್ಯೂಟರ್ ಸೈನ್ಸ್ ತೆಗೆದುಕೊಳ್ಳುವುದು ಈಗ ರೂಢಿಯಾಗಿದೆ. ಅಂಥವರು ಸೀಟು ಖಚಿತ ಮಾಡುವ ಮೊದಲೇ ಆ ವರ್ಷದ ವಿಷಯಪಟ್ಟಿ ನೋಡಿಕೊಳ್ಳುವುದು ಒಳ್ಳೆಯದು.

ಇಲ್ಲೇ ಇನ್ನೊಂದು ಮಾತು. ಹಳೆಯ ವಿದ್ಯಾರ್ಥಿಗಳು, ಕೆಲವು ಮಾಷ್ಟ್ರುಗಳು ಇಂದಿಗೂ ‘ಕೆವಿಪಿವೈ ಬರೆ’ ಎನ್ನುವುದುಂಟು. 1999ರಲ್ಲಿ ಆರಂಭವಾದ ಆ ಕಿಶೋರ ವೈಜ್ಞಾನಿಕ ಪ್ರೋತ್ಸಾಹನ ಯೋಜನೆ 2022ರಲ್ಲಿ ಇನ್‌ಸ್ಪೈರ್‌ನೊಳಗೆ ಸೇರಿಹೋಯಿತು. ಆ ಪರೀಕ್ಷೆ ಈಗ ಇಲ್ಲ. ಅದರ ಹೆಸರಲ್ಲಿ ಕೋಚಿಂಗ್ ಮಾರುವವರನ್ನು ನಂಬಬೇಡಿ.

ಅಂಕವೂ ಆಸಕ್ತಿಯೂ ಇದ್ದು, ಊರಿನಿಂದ ದೂರ ಹೋಗಲು ತಯಾರಿರುವವರಿಗೆ ನೈಸರ್ ಇದೆ. ಭುವನೇಶ್ವರದ ಈ ಸಂಸ್ಥೆಯನ್ನೂ ಮುಂಬಯಿ ವಿಶ್ವವಿದ್ಯಾಲಯದ ಆವರಣದ ಸಿಇಬಿಎಸ್ ಕೇಂದ್ರವನ್ನೂ ಪರಮಾಣು ಶಕ್ತಿ ಇಲಾಖೆ ನೋಡಿಕೊಳ್ಳುತ್ತದೆ. ಎರಡಕ್ಕೂ ಪ್ರವೇಶ ನೆಸ್ಟ್ ಪರೀಕ್ಷೆಯಿಂದ. ಅಲ್ಲಿ ಐದು ವರ್ಷದ ಎಂಎಸ್ಸಿಗೆ ಸೇರಿದವರಿಗೆ ಇನ್‌ಸ್ಪೈರ್ ಅಥವಾ ‘ದಿಶಾ’ ಯೋಜನೆಯಲ್ಲಿ ವರ್ಷಕ್ಕೆ 60,000 ರೂಪಾಯಿ, ಬೇಸಗೆ ತರಬೇತಿಗೆ ಪ್ರತ್ಯೇಕ ಅನುದಾನ. ಐಸರ್ ಎಂಬ ವಿಜ್ಞಾನ ಸಂಸ್ಥೆಗಳಿಗೆ ಐಎಟಿ ಎಂಬ ಬೇರೆಯೇ ಪರೀಕ್ಷೆ. ಇವೆಲ್ಲ ಪಿಯುಸಿ ಎರಡನೆಯ ವರ್ಷದಲ್ಲೇ ಅರ್ಜಿ ಹಾಕಬೇಕಾದಂಥವು. ಫಲಿತಾಂಶ ಬಂದ ಮೇಲೆ ಯೋಚಿಸಿದರೆ ತಡವಾಯಿತು.

ಆರ್‌ಟಿಸಿ ಅಜ್ಜನ ಹೆಸರಲ್ಲಿ

ಇನ್ನು ಮನೆಯ ಆದಾಯ, ಅಪ್ಪ ಅಮ್ಮನ ಕೆಲಸ, ಜಾತಿವರ್ಗ ನೋಡಿ ಕೊಡುವ ನೆರವುಗಳು. ಇವು ಫಿಸಿಕ್ಸಿಗೇ ಮೀಸಲಲ್ಲ, ಆದರೆ ಫಿಸಿಕ್ಸ್ ಓದುವವರಲ್ಲಿ ಹೆಚ್ಚಿನವರ ಕಾಲೇಜು ನಡೆಯುವುದು ಇವುಗಳಿಂದಲೇ.

ರಾಜ್ಯದ ಬಹುತೇಕ ಎಲ್ಲ ಯೋಜನೆಗಳಿಗೂ ಈಗ ಒಂದೇ ಬಾಗಿಲು, ಎಸ್‌ಎಸ್‌ಪಿ ಎಂಬ ರಾಜ್ಯ ವಿದ್ಯಾರ್ಥಿವೇತನ ತಂತ್ರಾಂಶ. ಹಿಂದುಳಿದ ವರ್ಗ, ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಅಲ್ಪಸಂಖ್ಯಾತ ಇಲಾಖೆಗಳ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಇಲ್ಲಿ. ಹಾಸ್ಟೆಲ್ ಸಿಗದವರಿಗೆ ಊಟ ವಸತಿಗೆಂದು ವರ್ಷಕ್ಕೆ ಹತ್ತು ತಿಂಗಳು ಹಣ ಕೊಡುವ ವಿದ್ಯಾಸಿರಿ ಇಲ್ಲಿ. ಬ್ರಾಹ್ಮಣ ಅಭಿವೃದ್ಧಿ ಮಂಡಳಿಯ ಸಾಂದೀಪನಿ ಶಿಷ್ಯವೇತನ ಇದೆ. ಕಾಲೇಜು ಶಿಕ್ಷಣ ಇಲಾಖೆಯಲ್ಲಿ ವಿಜ್ಞಾನ ವಿದ್ಯಾರ್ಥಿಗಳಿಗೆಂದೇ ಸರ್ ಸಿ.ವಿ. ರಾಮನ್ ಹೆಸರಿನದೊಂದು, ಹುಡುಗಿಯರಿಗೆ ಸಂಚಿ ಹೊನ್ನಮ್ಮನ ಹೆಸರಿನದೊಂದು ಇದೆ. ಇವೆರಡನ್ನು ಕಾಲೇಜಿನ ವಿದ್ಯಾರ್ಥಿವೇತನ ವಿಭಾಗದಲ್ಲಿ ಹೆಸರು ಹಿಡಿದೇ ಕೇಳಬೇಕು. ಕೇಳದಿದ್ದರೆ ಯಾರೂ ಹೇಳುವುದಿಲ್ಲ.

ನಮ್ಮದು ಅಡಿಕೆ, ರಬ್ಬರಿನ ಊರು. ಹಾಗಾಗಿ ಮುಖ್ಯಮಂತ್ರಿ ರೈತ ವಿದ್ಯಾನಿಧಿ ಇಲ್ಲಿ ಹೆಚ್ಚು ಮನೆಗಳಿಗೆ ತಾಗುವಂಥದ್ದು. 2021ರಲ್ಲಿ ಆರಂಭವಾದ ಇದರಲ್ಲಿ ಬಿಎಸ್ಸಿ ಓದುವ ರೈತರ ಮಕ್ಕಳಿಗೆ ವರ್ಷಕ್ಕೆ ಹುಡುಗರಿಗೆ 5,000, ಹುಡುಗಿಯರಿಗೆ 5,500 ರೂಪಾಯಿ ಗೊತ್ತುಮಾಡಲಾಗಿತ್ತು. ಸ್ನಾತಕೋತ್ತರಕ್ಕೆ 10,000 ಮತ್ತು 11,000. ಇದಕ್ಕೆ ಬೇಕಾದ್ದು ಫ್ರೂಟ್ಸ್ ಸಂಖ್ಯೆ, ಅಂದರೆ ರೈತರ ಎಫ್‌ಐಡಿ. ಗಂಟು ಬೀಳುವುದು ಇಲ್ಲಿಯೇ. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಜಾಗದ ಆರ್‌ಟಿಸಿ ಇನ್ನೂ ಅಜ್ಜನ ಹೆಸರಲ್ಲಿರುತ್ತದೆ, ಇಲ್ಲವೇ ಪಾಲು ಆಗದೆ ಅಣ್ಣತಮ್ಮಂದಿರ ಜಂಟಿ ಹೆಸರಲ್ಲಿರುತ್ತದೆ. ತೋಟದಲ್ಲಿ ದಿನವಿಡೀ ದುಡಿಯುವ ಅಪ್ಪ ಕಡತದಲ್ಲಿ ರೈತನೇ ಅಲ್ಲ. ಮಗಳು ಪಿಯುಸಿಯಲ್ಲಿರುವಾಗಲೇ ಒಮ್ಮೆ ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ ಅಪ್ಪನ ಹೆಸರಲ್ಲಿ ಎಫ್‌ಐಡಿ ಇದೆಯೇ, ಅದಕ್ಕೆ ಸರ್ವೆ ನಂಬರ್ ಜೋಡಣೆ ಆಗಿದೆಯೇ ಎಂದು ಕೇಳಿ ಬನ್ನಿ. ಪಾಲುಪಟ್ಟಿ, ಪೌತಿ ಖಾತೆ ಎಂದರೆ ಒಂದು ಮಳೆಗಾಲದಲ್ಲಿ ಮುಗಿಯುವ ಕೆಲಸವಲ್ಲ.

ಬೀಡಿ ಕಟ್ಟುವ ಅಮ್ಮಂದಿರ ಮಕ್ಕಳಿಗೂ ವಿದ್ಯಾರ್ಥಿವೇತನ ಉಂಟೆಂಬುದು ಅನೇಕರಿಗೆ ಗೊತ್ತಿಲ್ಲ. ಕೇಂದ್ರ ಕಾರ್ಮಿಕ ಸಚಿವಾಲಯದ ಈ ಯೋಜನೆಯಲ್ಲಿ ಸಾಮಾನ್ಯ ಪದವಿಗೆ ವರ್ಷಕ್ಕೆ 6,000 ರೂಪಾಯಿ. ಅರ್ಜಿ ಹಾಕಬೇಕಾದ್ದು ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲ್, ಅಂದರೆ ಎನ್‌ಎಸ್‌ಪಿಯಲ್ಲಿ. ಅಮ್ಮನ ಬೀಡಿ ಕಾರ್ಮಿಕರ ಗುರುತಿನ ಚೀಟಿ ಇದ್ದರೆ ಮಾತ್ರ ನಡೆಯುತ್ತದೆ. ಇತ್ತೀಚೆಗೆ ಬೀಡಿ ಕಟ್ಟುವುದನ್ನು ಬಿಟ್ಟಿದ್ದರೂ ಚೀಟಿ ಎಲ್ಲೋ ಪೆಟ್ಟಿಗೆಯಲ್ಲಿದ್ದರೆ ತೆಗೆದಿಟ್ಟು, ಅದು ಈಗಲೂ ನಡೆಯುತ್ತದೆಯೇ ಎಂದು ವಿಚಾರಿಸಿ. ರಬ್ಬರ್ ಟ್ಯಾಪಿಂಗ್ ಮಾಡುವವರ ಮಕ್ಕಳಿಗೆ ರಬ್ಬರ್ ಮಂಡಳಿಯ ಶೈಕ್ಷಣಿಕ ಸಹಾಯಧನ ಇದೆ. ಸುಳ್ಯದ ಕಡೆಯ ರಬ್ಬರ್ ತೋಟಗಳಲ್ಲಿ ತಲೆಮಾರುಗಳಿಂದ ದುಡಿಯುವ ತಮಿಳು ಕುಟುಂಬಗಳ ಮಕ್ಕಳು ಇದನ್ನು ಕೇಳಿ ಪಡೆಯಬೇಕು.

ಅದೇ ಎನ್‌ಎಸ್‌ಪಿಯಲ್ಲಿ ಕೇಂದ್ರ ವಲಯದ ವಿದ್ಯಾರ್ಥಿವೇತನ ಎಂಬುದೊಂದಿದೆ. ದೇಶದಲ್ಲಿ ವರ್ಷಕ್ಕೆ 82,000 ಹೊಸ ವಿದ್ಯಾರ್ಥಿಗಳಿಗೆ, ಅದರಲ್ಲಿ ಅರ್ಧ ಹುಡುಗಿಯರಿಗೆ. ಪಿಯುಸಿಯಲ್ಲಿ ಬೋರ್ಡಿನ ಮೇಲಿನ ಶೇಕಡ 20ರೊಳಗಿದ್ದು, ಮನೆಯ ವಾರ್ಷಿಕ ಆದಾಯ ನಾಲ್ಕೂವರೆ ಲಕ್ಷ ಮೀರದಿದ್ದರೆ ಪದವಿಯ ಮೂರು ವರ್ಷ 12,000ದಂತೆ, ಸ್ನಾತಕೋತ್ತರಕ್ಕೆ 20,000ದಂತೆ ಸಿಗುತ್ತದೆ. ಇನ್‌ಸ್ಪೈರ್ ಅಂಕ ತಪ್ಪಿದವರು ಮೊದಲು ನೋಡಬೇಕಾದ್ದು ಇದನ್ನೇ. ಆದರೆ ಇದನ್ನು ಪಡೆಯುವವರು ಇನ್ನೊಂದು ವಿದ್ಯಾರ್ಥಿವೇತನ ಪಡೆಯುವಂತಿಲ್ಲ. ಯಾವುದು ಹೆಚ್ಚು ವರ್ಷ ಬರುತ್ತದೆ, ಯಾವುದು ಹೆಚ್ಚು ಖಾತ್ರಿ ಎಂದು ಮೊದಲೇ ತೂಗಿ ನೋಡಿ.

ಸರಕಾರಿ ಶಾಲೆ ಮತ್ತು ಸರಕಾರಿ ಪಿಯು ಕಾಲೇಜಿನಲ್ಲಿ ಓದಿದ ಹುಡುಗಿಯರಿಗೆ ಅಜೀಂ ಪ್ರೇಮ್‌ಜಿ ಫೌಂಡೇಶನ್ ವರ್ಷಕ್ಕೆ 30,000 ರೂಪಾಯಿ ಕೊಡುತ್ತಿದೆ. ಕರ್ನಾಟಕದಲ್ಲಿ ಇದು 2025ರಿಂದ, ‘ದೀಪಿಕಾ’ ಎಂಬ ಹೆಸರಲ್ಲಿ. ಪಂಜದಂಥ ಊರಿನ ಸರಕಾರಿ ಕಾಲೇಜಿನಿಂದ ಹೊರಟ ಹುಡುಗಿಗೆ ಇಷ್ಟು ಸರಳ ಷರತ್ತಿನ ಬೇರೆ ಖಾಸಗಿ ನೆರವು ನನಗೆ ಕಂಡಿಲ್ಲ. ಖಾಸಗಿ ಶಾಲೆಯಲ್ಲಿ ಓದಿದ, ಆದರೆ ಪಿಯುಸಿ ವಿಜ್ಞಾನದಲ್ಲಿ ಶೇಕಡ 85ರ ಮೇಲೆ ಅಂಕವಿರುವ ಹುಡುಗಿಯರು ಲೋರಿಯಲ್ ಕಂಪನಿಯ ‘ವಿಜ್ಞಾನದಲ್ಲಿ ಯುವತಿಯರು’ ವಿದ್ಯಾರ್ಥಿವೇತನ ನೋಡಬಹುದು. ಇಡೀ ಪದವಿಗೆ ಎರಡೂವರೆ ಲಕ್ಷದವರೆಗೆ ಸಿಗುವ ಇದಕ್ಕೆ ಸಂದರ್ಶನವೂ ಇದೆ, ಪೈಪೋಟಿ ಜೋರು.

ಇಷ್ಟೆಲ್ಲ ಯೋಜನೆಗಳಿದ್ದೂ ಹಣ ಬರದೆ ಹೋಗುವುದಕ್ಕೆ ಕಡಿಮೆ ಅಂಕಕ್ಕಿಂತ ಕಾಗದಪತ್ರದ ತೊಡಕೇ ಹೆಚ್ಚು ಕಾರಣ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಹೆಸರಿನ ಮುಂದೆ ಇನಿಷಿಯಲ್, ಆಧಾರಿನಲ್ಲಿ ಹೆಸರಿನ ಹಿಂದೆ ಮನೆಯ ಹೆಸರು, ಬ್ಯಾಂಕಿನಲ್ಲಿ ಮೂರನೆಯದೊಂದು. ತಂತ್ರಾಂಶಕ್ಕೆ ಇವರು ಮೂವರು ಬೇರೆಬೇರೆ ಮಂದಿ. ಎರಡನೆಯ ತೊಡಕು ಬ್ಯಾಂಕ್ ಖಾತೆ. ಖಾತೆಗೆ ಆಧಾರ್ ನಂಬರ್ ಕೊಟ್ಟಿದ್ದೇವೆ ಎಂದರೆ ಸಾಲದು, ಆ ಖಾತೆ ಬ್ಯಾಂಕುಗಳ ನಡುವಿನ ಪಾವತಿ ನೋಡಿಕೊಳ್ಳುವ ಎನ್‌ಪಿಸಿಐಯಲ್ಲಿ ಆಧಾರಿಗೆ ಸೀಡಿಂಗ್ ಆಗಿರಬೇಕು. ಸರಕಾರದ ಹಣ ಬರುವುದು ಸೀಡಿಂಗ್ ಆದ ಖಾತೆಗೆ ಮಾತ್ರ. ಪಾಸ್‌ಬುಕ್ ಹಿಡಿದುಕೊಂಡು ಹೋಗಿ ‘ಸೀಡಿಂಗ್ ಆಗಿದೆಯಾ’ ಎಂದೇ ಕೇಳಿ. ಸಹಕಾರಿ ಸಂಘದ ಖಾತೆಯನ್ನು ಇದಕ್ಕೆ ನೆಚ್ಚಿಕೊಳ್ಳಬೇಡಿ. ಅಂಚೆ ಕಚೇರಿಯಲ್ಲಿ ಪೇಮೆಂಟ್ಸ್ ಬ್ಯಾಂಕ್ ಖಾತೆ ತೆರೆದರೆ ಕೆಲಸ ಬೇಗ ಆಗುತ್ತದೆ. ಮೂರನೆಯದು ನಾಡಕಚೇರಿಯ ಜಾತಿ ಮತ್ತು ಆದಾಯ ಪ್ರಮಾಣಪತ್ರ. ಎಸ್‌ಎಸ್‌ಪಿಗೆ ಬೇಕಾದ್ದು ಅದರ ಮೇಲಿನ ಆರ್‌ಡಿ ಸಂಖ್ಯೆ. ಅವಧಿ ಮುಗಿದಿದ್ದರೆ ಮಳೆ ಜೋರಾಗುವ ಮೊದಲೇ ಹೊಸತಕ್ಕೆ ಅರ್ಜಿ ಹಾಕಿ. ಅರ್ಜಿಗಳ ಕಾಲವೂ ಕರೆಂಟು, ನೆಟ್‌ವರ್ಕ್ ಎರಡೂ ಕೈಕೊಡುವ ನಮ್ಮ ಆಟಿ ತಿಂಗಳೂ ಹೆಚ್ಚುಕಮ್ಮಿ ಒಟ್ಟಿಗೇ ಬರುತ್ತವೆ. ಕೊನೆಯ ದಿನಕ್ಕೆ ಕಾಯುವ ಚೈನಿ ಬೆಂಗಳೂರಿನವರಿಗಿರಬಹುದು, ನಮಗಿಲ್ಲ.

ಅಂದಹಾಗೆ, ಯಾವ ಸರಕಾರಿ ವಿದ್ಯಾರ್ಥಿವೇತನಕ್ಕೂ ಅರ್ಜಿ ಶುಲ್ಕವಿಲ್ಲ. ‘ನಿಮ್ಮ ಸ್ಕಾಲರ್‌ಶಿಪ್ ಮಂಜೂರಾಗಿದೆ, ಓಟಿಪಿ ಹೇಳಿ’ ಎಂದು ಫೋನು ಬಂದರೆ ಇಟ್ಟುಬಿಡಿ.

ಬೇಸಗೆಯ ಎರಡು ತಿಂಗಳು

ಈಗ ನನಗೆ ಹೆಚ್ಚು ಹೇಳಬೇಕೆನಿಸುವ ಭಾಗ.

ಸಿ.ವಿ. ರಾಮನ್ 1934ರಲ್ಲಿ ಬೆಂಗಳೂರಿನಲ್ಲಿ ಭಾರತೀಯ ವಿಜ್ಞಾನ ಅಕಾಡೆಮಿಯನ್ನು ಕಟ್ಟಿದರು. ಆ ಅಕಾಡೆಮಿ, ದೆಹಲಿಯ ರಾಷ್ಟ್ರೀಯ ವಿಜ್ಞಾನ ಅಕಾಡೆಮಿ, ಪ್ರಯಾಗರಾಜ್‌ನ ಅಕಾಡೆಮಿ, ಈ ಮೂರೂ ಒಟ್ಟಾಗಿ ಪ್ರತಿವರ್ಷ ಬೇಸಗೆ ಸಂಶೋಧನಾ ಫೆಲೋಶಿಪ್ ಕೊಡುತ್ತವೆ. ಆಯ್ಕೆಯಾದವರು ದೇಶದ ಯಾವುದಾದರೂ ಒಳ್ಳೆಯ ಪ್ರಯೋಗಾಲಯದಲ್ಲಿ ಎಂಟು ವಾರ ಒಬ್ಬ ವಿಜ್ಞಾನಿಯ ಜತೆ ಕೆಲಸ ಮಾಡಬೇಕು. ತಿಂಗಳ ಭತ್ಯೆ, ಹೋಗಿಬರುವ ರೈಲು ಖರ್ಚು ಅವರದೇ. ಅರ್ಜಿ ಸಾಮಾನ್ಯವಾಗಿ ವರ್ಷದ ಕೊನೆಯಲ್ಲಿ, ನವೆಂಬರಿನ ಸುಮಾರಿಗೆ. ಕಾಲೇಜಿನ ಹೆಸರು ದೊಡ್ಡದಿರಬೇಕೆಂದಿಲ್ಲ. ಸುಳ್ಯದ ನೆಹರೂ ಮೆಮೋರಿಯಲ್ ಆಗಲಿ, ಪುತ್ತೂರಿನ ಫಿಲೋಮಿನಾ, ವಿವೇಕಾನಂದ ಆಗಲಿ, ಯಾವ ಕಾಲೇಜಿನಿಂದಲೂ ಅರ್ಜಿ ಹಾಕಬಹುದು. ಅಧ್ಯಾಪಕರಿಗೂ ಇದೇ ಫೆಲೋಶಿಪ್ ಇದೆ ಎಂಬುದನ್ನು ಅಧ್ಯಾಪಕರಿಗೇ ನೆನಪಿಸಬೇಕು. ಮಾಷ್ಟ್ರೊಮ್ಮೆ ಹೋಗಿಬಂದರೆ ಮುಂದಿನ ಹತ್ತು ಬ್ಯಾಚಿಗೆ ದಾರಿ ಗೊತ್ತಾಗುತ್ತದೆ.

ಮುಂಬಯಿಯ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರದ ನಿಯಸ್ ಕಾರ್ಯಕ್ರಮ ಬಿಎಸ್ಸಿ ಮೊದಲ ಮತ್ತು ಎರಡನೆಯ ವರ್ಷದವರಿಗೆಂದೇ ಇರುವುದು. ಭೌತಶಾಸ್ತ್ರದ ಶಿಬಿರ, ಅಲ್ಲಿ ಚೆನ್ನಾಗಿ ಮಾಡಿದವರಿಗೆ ಮುಂದೆ ಯೋಜನೆ. ಊಟ, ವಸತಿ, ಪ್ರಯಾಣ ಅವರೇ ನೋಡಿಕೊಳ್ಳುತ್ತಾರೆ. ಮಂಗಳೂರಿನಿಂದ ಕೊಂಕಣ ರೈಲು ಹತ್ತಿದರೆ ಮುಂಬಯಿ ಸುಲಭ. ಸಣ್ಣ ಕಾಲೇಜಿನ ವಿದ್ಯಾರ್ಥಿ ಮೊದಲು ಪ್ರಯತ್ನಿಸಬೇಕಾದ್ದು ಇದನ್ನು ಎಂದು ನನ್ನ ಅಭಿಪ್ರಾಯ. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಅಂದರೆ ಟಿಐಎಫ್‌ಆರ್‌ನ ಬೇಸಗೆ ಕಾರ್ಯಕ್ರಮ, ಬೆಂಗಳೂರು ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಬೇಸಗೆ ಫೆಲೋಶಿಪ್, ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯದ ತರಬೇತಿ ಇವೆಲ್ಲ ಇದೇ ಬಗೆಯವು.

ಆಕಾಶ ನೋಡುವ ಆಸೆ ಇರುವವರಿಗೆ ಕರ್ನಾಟಕದಷ್ಟು ಅನುಕೂಲದ ರಾಜ್ಯ ಇನ್ನೊಂದಿಲ್ಲ. ಕೋರಮಂಗಲದ ಭಾರತೀಯ ಖಭೌತವಿಜ್ಞಾನ ಸಂಸ್ಥೆ ಬೇಸಗೆ ಶಾಲೆ ನಡೆಸುತ್ತದೆ, ಸಂದರ್ಶಕ ವಿದ್ಯಾರ್ಥಿಗಳನ್ನು ತೆಗೆದುಕೊಳ್ಳುತ್ತದೆ. 1899ರಲ್ಲಿ ಆರಂಭವಾದ ಕೊಡೈಕೆನಾಲಿನ ಸೂರ್ಯ ವೀಕ್ಷಣಾಲಯ ಅದರದ್ದೇ. ಸೂರ್ಯನ ಕಲೆಗಳಿಂದ ಅನಿಲ ಹೊರಕ್ಕೆ ಹರಿಯುವುದನ್ನು ಎವರ್‌ಶೆಡ್ 1909ರಲ್ಲಿ ಕಂಡುಹಿಡಿದದ್ದು ಅಲ್ಲಿ. ರಾಮನ್ 1948ರಲ್ಲಿ ಸ್ಥಾಪಿಸಿದ ರಾಮನ್ ಸಂಶೋಧನಾ ಸಂಸ್ಥೆಗೂ ಸಂದರ್ಶಕ ವಿದ್ಯಾರ್ಥಿಯಾಗಿ ಅರ್ಜಿ ಹಾಕಬಹುದು. ಗೌರಿಬಿದನೂರಿನ ರೇಡಿಯೋ ದೂರದರ್ಶಕ ಈ ಎರಡು ಸಂಸ್ಥೆಗಳು ಸೇರಿ ಕಟ್ಟಿದ್ದು. ಪುಣೆಯಲ್ಲಿ ಐಯುಕಾ ಮತ್ತು ಎನ್‌ಸಿಆರ್‌ಎ ಎಂಬ ಖಗೋಳ ಸಂಸ್ಥೆಗಳು ಸೇರಿ ಡಿಸೆಂಬರಿನಲ್ಲಿ ಪದವಿ ವಿದ್ಯಾರ್ಥಿಗಳಿಗೆ ರೇಡಿಯೋ ಖಗೋಳದ ಚಳಿಗಾಲದ ಶಾಲೆ ನಡೆಸುತ್ತವೆ. ನಾರಾಯಣಗಾಂವ್ ಬಳಿ 45 ಮೀಟರ್ ಅಗಲದ 30 ಡಿಶ್‌ಗಳಿರುವ ಜಿಎಂಆರ್‌ಟಿ ದೂರದರ್ಶಕ ನಡೆಸುವುದು ಎನ್‌ಸಿಆರ್‌ಎ.

ಪದವಿಗೆ ಬೆಂಗಳೂರಿಗೇ ಹೋಗಿ ಸೇರುವವರಿದ್ದರೆ ಜವಾಹರಲಾಲ್ ನೆಹರೂ ತಾರಾಲಯದ ರೀಪ್ ತರಗತಿಗಳನ್ನು ಮರೆಯಬಾರದು. ಪದವಿ ವಿದ್ಯಾರ್ಥಿಗಳಿಗೆ ವಾರಾಂತ್ಯದಲ್ಲಿ ನಿಜವಾದ ಭೌತಶಾಸ್ತ್ರ ಕಲಿಸುವ ಏರ್ಪಾಡು ಇದು. ಆ ತಾರಾಲಯದ ಮೊದಲ ನಿರ್ದೇಶಕರು ಸಿ.ವಿ. ವಿಶ್ವೇಶ್ವರ. ಕಪ್ಪುಕುಳಿಯನ್ನು ಕದಡಿದರೆ ಅದು ಬಾರಿಸಿದ ಗಂಟೆಯಂತೆ ಮಿಡಿದು ನಿಲ್ಲುತ್ತದೆಂದು 1970ರಲ್ಲಿ ಲೆಕ್ಕ ಹಾಕಿ ತೋರಿಸಿದವರು. 2015ರಲ್ಲಿ ಗುರುತ್ವದ ಅಲೆಗಳನ್ನು ಯಂತ್ರಗಳು ಹಿಡಿದಾಗ ವಿಜ್ಞಾನಿಗಳು ಅದರಲ್ಲಿ ಹುಡುಕಿದ್ದು ಆ ಮಿಡಿತವನ್ನೂ. ಅಷ್ಟು ದೊಡ್ಡ ವಿಜ್ಞಾನಿ ಬಿಎಸ್ಸಿ ಮಕ್ಕಳಿಗಾಗಿ ಕೂತು ಯೋಚಿಸಿದರು ಎಂಬುದು ನಮಗೆ ಸಣ್ಣ ಮಾತಲ್ಲ.

ಈ ಎಲ್ಲ ಅರ್ಜಿಗಳಲ್ಲಿ ಅಂಕಪಟ್ಟಿಯಷ್ಟೇ ಮುಖ್ಯವಾದವು ಇನ್ನೆರಡು: ನೀವು ಬರೆಯುವ ಒಂದು ಪುಟ, ಅಧ್ಯಾಪಕರು ಬರೆಯುವ ಶಿಫಾರಸು. ‘ಚಿಕ್ಕಂದಿನಿಂದಲೂ ನನಗೆ ನಕ್ಷತ್ರಗಳೆಂದರೆ ಕುತೂಹಲ’ ಎಂಬ ಸಾಲು ಓದುವವರಿಗೆ ಸಾಕಾಗಿಹೋಗಿರುತ್ತದೆ. ಅದರ ಬದಲು ಕೈಯಾರೆ ಮಾಡಿದ ಒಂದನ್ನು ಬರೆಯಿರಿ. ಸೋಡಿಯಂ ದೀಪದ ಹಳದಿ ಬೆಳಕಿನಲ್ಲಿ 589.0 ಮತ್ತು 589.6 ನ್ಯಾನೋಮೀಟರಿನ ಎರಡು ಗೆರೆಗಳಿವೆ. ಕಾಲೇಜಿನ ಸ್ಪೆಕ್ಟ್ರೋಮೀಟರಿನಲ್ಲಿ ಅವು ನಿಮಗೆ ಬೇರೆಬೇರೆಯಾಗಿ ಕಂಡವೇ? ಕಾಣದಿದ್ದರೆ ತಪ್ಪು ಗ್ರೇಟಿಂಗಿನದೋ ಸೀಳಿನ ಅಗಲದ್ದೋ? ಇದನ್ನು ಹತ್ತು ಸಾಲಿನಲ್ಲಿ ಬರೆಯಬಲ್ಲವರನ್ನು ಯಾವ ಸಂಸ್ಥೆಯೂ ಕಡೆಗಣಿಸುವುದಿಲ್ಲ.

ಊರಲ್ಲೇ ಮಾಡಬಹುದಾದ ಪ್ರಯೋಗವೂ ಇದೆ. ಪಂಜದಲ್ಲಿ ವರ್ಷಕ್ಕೆರಡು ಬಾರಿ, ಏಪ್ರಿಲ್ 24ರ ಆಸುಪಾಸು ಮತ್ತು ಆಗಸ್ಟ್ 18ರ ಆಸುಪಾಸು, ಸೂರ್ಯ ನೆತ್ತಿಯ ಮೇಲೆ ನೆಟ್ಟಗೆ ಬಂದು ಕಂಬದ ನೆರಳು ಇಲ್ಲವಾಗುತ್ತದೆ. ಆಗಸ್ಟಿನದನ್ನು ಮೋಡ ತಿನ್ನುತ್ತದೆ, ಏಪ್ರಿಲಿನದು ಸಿಗುತ್ತದೆ. ಬೆಂಗಳೂರು ಹೆಚ್ಚುಕಡಿಮೆ ಇದೇ ಅಕ್ಷಾಂಶದಲ್ಲಿದೆ, ಆದರೆ ಪೂರ್ವಕ್ಕೆ. ಹಾಗಾಗಿ ಅಲ್ಲಿ ನೆರಳು ಅತಿ ಗಿಡ್ಡವಾಗುವ ಗಳಿಗೆ ನಮ್ಮಲ್ಲಿಗಿಂತ ಸುಮಾರು ಎಂಟು ನಿಮಿಷ ಮೊದಲು. ಬೆಂಗಳೂರಿನಲ್ಲೊಬ್ಬ ಗೆಳೆಯನಿದ್ದರೆ, ಇಬ್ಬರೂ ಕೋಲು ನೆಟ್ಟು ಸಮಯ ಬರೆದುಕೊಂಡರೆ, ನಡುವಿನ ದೂರ ಗೊತ್ತಿದ್ದರೆ ಭೂಮಿಯ ಸುತ್ತಳತೆ ಅಂದಾಜು ಮಾಡಬಹುದು. ಅರ್ಧ ನಿಮಿಷ ತಪ್ಪಿದರೆ ಉತ್ತರದಲ್ಲಿ ಎಷ್ಟು ತಪ್ಪಾಗುತ್ತದೆ ಎಂದೂ ಲೆಕ್ಕ ಹಾಕಿ ಬರೆಯಿರಿ. ಆಯ್ಕೆ ಮಾಡುವವರು ಹುಡುಕುವುದು ಆ ಕೊನೆಯ ಲೆಕ್ಕವನ್ನೇ.

ಶಿಫಾರಸಿನ ಮಟ್ಟಿಗೆ, ಕೊನೆಯ ದಿನ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು ‘ಸರ್, ಒಂದು ಲೆಟರ್’ ಎನ್ನಬೇಡಿ. ಎರಡು ವಾರ ಮೊದಲೇ ಹೋಗಿ ನೀವು ಬರೆದ ಪುಟವನ್ನು ಕೊಡಿ. ಪಾಠ ಮಾಡಿದ, ಲ್ಯಾಬಿನಲ್ಲಿ ನಿಮ್ಮನ್ನು ಕಂಡ ಅಧ್ಯಾಪಕರು ಬರೆದದ್ದಕ್ಕೆ ತೂಕ ಹೆಚ್ಚು, ಪ್ರಾಂಶುಪಾಲರ ಸೀಲಿಗಲ್ಲ. ಇನ್ನೊಂದು ತೊಡಕು ಪರೀಕ್ಷೆಯ ದಿನಾಂಕ. ಫೆಲೋಶಿಪ್ ಇರುವುದು ಮೇ ತಿಂಗಳಿಂದ ಜುಲೈಯೊಳಗೆ, ಸೆಮಿಸ್ಟರ್ ಪರೀಕ್ಷೆ ಅದರ ನಡುವೆ ಬಂದು ಬಿದ್ದರೆ ಮಾರ್ಗದರ್ಶಕರಿಗೆ ಮೊದಲೇ ಪತ್ರ ಬರೆದು ವಾರ ಹಿಂದುಮುಂದು ಮಾಡಿಕೊಳ್ಳಬಹುದು. ಕೇಳಿದರೆ ಸಾಮಾನ್ಯವಾಗಿ ಒಪ್ಪುತ್ತಾರೆ. ಸುಬ್ರಹ್ಮಣ್ಯ ರೋಡಿನಿಂದ ರೈಲಿನಲ್ಲಿ ಬೆಂಗಳೂರಿಗೆ ಹೋಗುವವರು ಜೂನ್ ಬಳಿಕ ಘಾಟಿಯ ಗುಡ್ಡ ಕುಸಿತವನ್ನೂ ಲೆಕ್ಕದಲ್ಲಿಟ್ಟುಕೊಳ್ಳಿ.

ಪದಕಗಳು

ಭಾರತೀಯ ಭೌತಶಾಸ್ತ್ರ ಅಧ್ಯಾಪಕರ ಸಂಘ, ಅಂದರೆ ಐಎಪಿಟಿ, ಪ್ರತಿ ಜನವರಿಯಲ್ಲಿ ಬಿಎಸ್ಸಿಯವರಿಗೆ ರಾಷ್ಟ್ರೀಯ ಪದವಿ ಭೌತಶಾಸ್ತ್ರ ಪರೀಕ್ಷೆ ನಡೆಸುತ್ತದೆ. ಎನ್‌ಜಿಪಿಇ ಎಂದೇ ಹೆಸರು. ಅಲ್ಪ ಶುಲ್ಕ, ಕಾಲೇಜೇ ಕೇಂದ್ರವಾಗಬಹುದು, ಅದಕ್ಕೆ ಅಧ್ಯಾಪಕರೊಬ್ಬರು ಮನಸ್ಸು ಮಾಡಿದರೆ ಸಾಕು. ದೇಶದಲ್ಲೇ ಮೇಲಿನ ಸ್ಥಾನ ಪಡೆದವರಿಗೆ ಪ್ರಯೋಗಪರೀಕ್ಷೆಯ ಬಳಿಕ ಚಿನ್ನದ ಪದಕ. ಪದಕ ಸಿಗದಿದ್ದರೂ ಈ ಪ್ರಶ್ನೆಪತ್ರಿಕೆ ಬಿಡಿಸುವುದು ಒಳ್ಳೆಯ ಅಭ್ಯಾಸ, ಏಕೆಂದರೆ ವಿಶ್ವವಿದ್ಯಾಲಯದ ಪರೀಕ್ಷೆಯಂತೆ ಇದು ಬಾಯಿಪಾಠಕ್ಕೆ ಬಗ್ಗುವುದಿಲ್ಲ. ಮಂಗಳೂರು ವಿಶ್ವವಿದ್ಯಾಲಯದ ರ್‍ಯಾಂಕ್, ದತ್ತಿ ಪದಕಗಳು ಇವೆ. ಸಹಕಾರಿ ಸಂಘಗಳ ಮಹಾಸಭೆಯಲ್ಲಿ, ಸಮುದಾಯ ಸಂಘಗಳ ವಾರ್ಷಿಕೋತ್ಸವದಲ್ಲಿ ಕೊಡುವ ಪ್ರತಿಭಾ ಪುರಸ್ಕಾರಗಳೂ ಇವೆ. ಶಾಲು ಹಾರದ ಜತೆ ಕೊಡುವ ಒಂದೆರಡು ಸಾವಿರ ರೂಪಾಯಿಯೂ ಬಂದರೆ ಬರಲಿ. ಆದರೆ ಮುಂದಿನ ಅರ್ಜಿಗಳಲ್ಲಿ ಓದುವವರ ಕಣ್ಣಿಗೆ ಬೀಳುವುದು ಎನ್‌ಜಿಪಿಇಯ ಸಾಲು.

ಭೌತಶಾಸ್ತ್ರದಲ್ಲಿ ವಿದ್ಯಾರ್ಥಿವೇತನದ ದೊಡ್ಡ ಕತೆ ಖಭೌತವಿಜ್ಞಾನಿ ಚಂದ್ರಶೇಖರ್ ಅವರದು. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಬಿಎಸ್ಸಿ ಆನರ್ಸ್ ಓದಿದ ಹುಡುಗನಿಗೆ ಅಂದಿನ ಸರಕಾರ ವಿದ್ಯಾರ್ಥಿವೇತನ ಕೊಟ್ಟು 1930ರಲ್ಲಿ ಕೇಂಬ್ರಿಜ್‌ಗೆ ಕಳಿಸಿತು. ಹಡಗಿನಲ್ಲಿ ಕೂತು ಆತ ಹಾಕಿದ ಲೆಕ್ಕವೇ, ಸೂರ್ಯನ ಸುಮಾರು 1.4 ಪಟ್ಟಿಗಿಂತ ಭಾರವಾದ ಶ್ವೇತಕುಬ್ಜ ನಿಲ್ಲಲಾರದು ಎಂಬುದು. 1983ರಲ್ಲಿ ನೊಬೆಲ್ ಬಂತು. ಕನ್ನಡದಲ್ಲಿ ಈ ಬದುಕನ್ನು, ಆಕಾಶವನ್ನು ನಮಗೆ ಹತ್ತಿರ ತಂದವರು ನೆರೆಯ ಮಡಿಕೇರಿಯಲ್ಲಿ ಹುಟ್ಟಿದ ಜಿ.ಟಿ. ನಾರಾಯಣ ರಾವ್. ನಮ್ಮ ಪುತ್ತೂರಿನ ಬಾಲವನದಲ್ಲಿದ್ದ ಶಿವರಾಮ ಕಾರಂತರು ‘ವಿಜ್ಞಾನ ಪ್ರಪಂಚ’ ಬರೆದರು. ಕಾಲೇಜಿನ ಗ್ರಂಥಾಲಯದಲ್ಲಿ ಇವು ಇದ್ದರೆ ಹುಡುಕಿ ಓದಿ. ಇಂಗ್ಲಿಷಿನಲ್ಲಿ ಪಾಠ ಕೇಳಿ ಗೊಂದಲಗೊಂಡ ಮೊದಲ ವರ್ಷದವರಿಗೆ ಕನ್ನಡದಲ್ಲಿ ಒಮ್ಮೆ ವಿಷಯ ಮನಸ್ಸಿಗೆ ಇಳಿಯುವುದು ದೊಡ್ಡ ಲಾಭ. ಭಾರತೀಯ ವಿಜ್ಞಾನ ಅಕಾಡೆಮಿಯ ‘ರೆಸೊನೆನ್ಸ್’ ಮಾಸಪತ್ರಿಕೆಯ 1996ರಿಂದೀಚಿನ ಸಂಚಿಕೆಗಳು ಅಂತರ್ಜಾಲದಲ್ಲಿ ಪುಕ್ಕಟೆ ಸಿಗುತ್ತವೆ. ದೂರದರ್ಶಕದಲ್ಲಿ ಕಣ್ಣಿಟ್ಟು ನೋಡಬೇಕೆಂದರೆ ಉಡುಪಿಯ ಪೂರ್ಣಪ್ರಜ್ಞ ಕಾಲೇಜಿನ ಹವ್ಯಾಸಿ ಖಗೋಳ ವೀಕ್ಷಕರ ಸಂಘ ಇದೆ, ಮಂಗಳೂರಿನ ಪಿಲಿಕುಳದಲ್ಲಿ 2018ರಿಂದ ಸ್ವಾಮಿ ವಿವೇಕಾನಂದ ತಾರಾಲಯ ಇದೆ.

ವಿದೇಶದ ಮಾತು ಚುಟುಕಾಗಿ. ಕೆನಡಾದ ಮೈಟ್ಯಾಕ್ಸ್, ಜರ್ಮನಿಯ ಡಾಡ್ ಸಂಸ್ಥೆಗಳು ಪದವಿ ವಿದ್ಯಾರ್ಥಿಗಳಿಗೆ ಬೇಸಗೆ ಇಂಟರ್ನ್‌ಶಿಪ್ ಕೊಡುತ್ತವೆ. ಊರಿನ ಕಾಲೇಜಿನಿಂದ ನೇರ ಅಲ್ಲಿಗೆ ಹಾರುವುದಕ್ಕಿಂತ ಮೊದಲು ಬೆಂಗಳೂರಿನದೋ ಪುಣೆಯದೋ ಒಂದು ಬೇಸಗೆ ಮುಗಿಸಿಕೊಂಡರೆ ದಾರಿ ಸಲೀಸು.

ಕೊನೆಯ ವರ್ಷಕ್ಕೆ ಬಂದವರು ‘ಎಂಎಸ್ಸಿಗೆ ಮತ್ತೆ ಫೀಸು’ ಎಂದು ಹೆದರುವ ಮೊದಲು ಜಾಮ್ ಮತ್ತು ಜೆಸ್ಟ್ ಪರೀಕ್ಷೆಗಳನ್ನು ನೋಡಿ. ಭಾರತೀಯ ವಿಜ್ಞಾನ ಸಂಸ್ಥೆಯ ಇಂಟಿಗ್ರೇಟೆಡ್ ಪಿಎಚ್‌ಡಿಗೆ ಬಿಎಸ್ಸಿ ಮುಗಿದ ಕೂಡಲೇ ಜಾಮ್ ಮೂಲಕ ಸೇರಬಹುದು. ಅಲ್ಲಿ ಸೇರಿದ ದಿನದಿಂದಲೇ ತಿಂಗಳ ಭತ್ಯೆ ಇದೆ, ಅಪ್ಪನಿಂದ ಹಣ ಕೇಳಬೇಕಾಗಿಲ್ಲ. ಜಾಮ್ ಅರ್ಜಿ ಸಾಮಾನ್ಯವಾಗಿ ಸೆಪ್ಟೆಂಬರಿನಲ್ಲಿ ತೆರೆದು ಪರೀಕ್ಷೆ ಫೆಬ್ರುವರಿಯಲ್ಲಿ ನಡೆಯುತ್ತದೆ. ಅಂದರೆ ಬಿಎಸ್ಸಿ ಐದನೆಯ ಸೆಮಿಸ್ಟರ್ ಶುರುವಾದ ಹೊತ್ತಿಗೆ ಮೊದಲೆರಡು ವರ್ಷದ ಯಂತ್ರಶಾಸ್ತ್ರ, ವಿದ್ಯುತ್ತು, ಉಷ್ಣದ ನೋಟ್ಸ್ ಮತ್ತೊಮ್ಮೆ ಹೊರಗೆ ತೆಗೆದಿರಬೇಕು.